ಜೇಡಕ್ಕೆ ಆರೇ ಕಾಲಿರಲಿ ಬಿಡಿ

ನವೆಂಬರ್ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕನ್ನಡ ಸಂಘದ ಗ್ರೂಪಲ್ಲಿ ಮೆಸೇಜ್ ಬಂತು. ಎಲ್ಲರೂ ನವೆಂಬರ್ 1ರ ಬಗ್ಗೆ ಬರೀತಾರೆ ಅಂತ ಗೊತ್ತಿತ್ತು. ಏಕೀಕರಣ, ಬಾವುಟ, 1956, 1973 ಇದನ್ನೆಲ್ಲ ನನಗಿಂತ ಚೆನ್ನಾಗಿ ಬರೆಯೋರು ನಮ್ಮ ಸಂಘದಲ್ಲೇ ಇದ್ದಾರೆ. ಅದಕ್ಕೆ ನಾನು ಒಂದೇ ಒಂದು ದಿನ ಹಿಂದೆ ಹೋಗ್ತೀನಿ, ಅಕ್ಟೋಬರ್ 31ಕ್ಕೆ. ಅವತ್ತು ಹ್ಯಾಲೋವೀನ್. ದೆವ್ವ ಭೂತದ ಕಥೆ ಹೇಳಲ್ಲ. ಆ ದಿನಕ್ಕೆ ಅಂತ ಮಕ್ಕಳ ಜೊತೆ ಕೂತು ಅಲಂಕಾರ ಮಾಡೋ ಕುಕ್ಕಿಗಳ ಬಗ್ಗೆ ಹೇಳ್ತೀನಿ. ದಯವಿಟ್ಟು ನಗಬೇಡಿ. ಇಂಟರ್ನಲ್ಸ್ ಮಧ್ಯೆ ಒಬ್ಬ ಸೆಕೆಂಡ್ ಇಯರ್ ಸ್ಟೂಡೆಂಟ್ ಕೂತು ಬಿಸ್ಕತ್ತಿನ ಬಗ್ಗೆ ಬರೀತಿದೆ ಅಂದ್ರೆ ಏನೋ ಹೊಟ್ಟೆಯಲ್ಲಿ ಉಳಿದುಕೊಂಡಿದೆ ಅಂತ ಅರ್ಥ.

ನನ್ನ ವಾದ ಚಿಕ್ಕದು. ಮಕ್ಕಳ ಜೊತೆ ಹ್ಯಾಲೋವೀನ್ ಕುಕ್ಕಿ ಮಾಡೋದಾದ್ರೆ ಅತ್ಯಂತ ಸುಲಭವಾದದ್ದನ್ನೇ ಆರಿಸಿಕೊಳ್ಳಿ, ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಮಗು ಮಾಡಿದ್ದನ್ನ ಸರಿ ಮಾಡಬೇಡಿ. ಜೇಡಕ್ಕೆ ಎಂಟರ ಬದಲು ಆರು ಕಾಲು ಬಂದಿದ್ರೆ ಆರೇ ಇರಲಿ.

ಹ್ಯಾಲೋವೀನ್ ಅಂದ್ರೆ ನಮ್ಮಲ್ಲಿ ಅನೇಕರಿಗೆ ಮಾಲ್‌ನಲ್ಲಿ ನೇತು ಹಾಕೋ ಪ್ಲಾಸ್ಟಿಕ್ ಅಸ್ಥಿಪಂಜರ ಅಷ್ಟೇ. ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಕ್ರೈಸ್ತರಿಗೆ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸತ್ತವರ ಆತ್ಮಗಳನ್ನ ನೆನೆಯೋ ದಿನ. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್, ಆ ಹೆಸರಿನ ಅರ್ಥವೂ ಅದೇ. ಅದಕ್ಕೂ ಹಳೆಯದು ಐರ್ಲೆಂಡ್ ಕಡೆಯ ಸವಿನ್ ಅನ್ನೋ ಹಬ್ಬ; ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತು. ಅಲ್ಲಿಯವರು ಟರ್ನಿಪ್ ಗೆಡ್ಡೆ ಕೊರೆದು ಮುಖ ಮಾಡ್ತಿದ್ರು. ಅಮೆರಿಕಕ್ಕೆ ವಲಸೆ ಹೋದಮೇಲೆ ಅಲ್ಲಿ ಧಾರಾಳವಾಗಿ ಸಿಗೋ ಕುಂಬಳಕಾಯಿ ಆ ಜಾಗಕ್ಕೆ ಬಂತು. ಇನ್ನು ತಿಂಡಿ ವಿಷಯ. ಇಂಗ್ಲೆಂಡಿನಲ್ಲಿ ಹಿಂದೆ ಬಡವರು, ಮಕ್ಕಳು ಮನೆಮನೆಗೆ ಹೋಗಿ ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡ್ತಿದ್ರು, ಮನೆಯವರು ಅವರ ಕೈಗೆ ಸೋಲ್ ಕೇಕ್ ಅನ್ನೋ ಚಿಕ್ಕ ರೊಟ್ಟಿಯಂಥ ಬಿಸ್ಕತ್ತು ಇಡ್ತಿದ್ರು. ಅಂದ್ರೆ ಮನೆಯಲ್ಲಿ ಸುಟ್ಟ ತಿಂಡಿಗೂ ಈ ದಿನಕ್ಕೂ ಇರೋ ಸಂಬಂಧ ಚಾಕೊಲೇಟ್ ಕಂಪನಿಗಳಿಗಿಂತ ತುಂಬಾ ಹಳೆಯದು.

ನನಗೆ ಇದು ಹೇಗೆ ಗೊತ್ತು ಅಂದ್ರೆ, ಅಪ್ಪನ ಪ್ರಾಜೆಕ್ಟ್ ಕಾರಣಕ್ಕೆ ನಾನು ಎಂಟು ವರ್ಷದವರೆಗೂ ಬೆಳೆದಿದ್ದು ನ್ಯೂಜೆರ್ಸಿಯಲ್ಲಿ. ಫಸ್ಟ್ ಗ್ರೇಡ್‌ನಲ್ಲಿದ್ದಾಗ ಟೀಚರ್ ಒಂದು ಚೀಟಿ ಕಳಿಸಿದ್ರು. ಹ್ಯಾಲೋವೀನ್ ಪಾರ್ಟಿಗೆ ಪ್ರತಿ ಮಗುವೂ ಏನಾದರೂ ಒಂದು ತಿಂಡಿ ತರಬಹುದು, ಕಡಲೆಕಾಯಿ ಇರಬಾರದು, ಮಕ್ಕಳೂ ಸೇರಿ ಮಾಡಿದ್ರೆ ಒಳ್ಳೆಯದು ಅಂತ. ಅಮ್ಮನಿಗೆ ಗಾಬರಿ. ನಮ್ಮ ಮನೆ ಓವನ್‌ನಲ್ಲಿ ಅಲ್ಲಿಯವರೆಗೆ ಬಾಣಲೆ, ಕುಕ್ಕರ್, ದೋಸೆ ಹಂಚು ಇಡ್ತಿದ್ವಿ. ಅಮೆರಿಕದಲ್ಲಿ ಬಹಳ ಕನ್ನಡದವರ ಮನೇಲಿ ಓವನ್ ಅಂದ್ರೆ ಪಾತ್ರೆ ಬೀರು, ಅಷ್ಟೇ. ಹ್ಯಾಲೋವೀನ್ ಅಂದ್ರೆ ಏನು ಅಂತ ನಾನು ಕೇಳಿದ್ದಕ್ಕೆ ಅಮ್ಮ, "ಸಂಕ್ರಾಂತಿಲಿ ಎಳ್ಳು ಬೀರೋಕೆ ಮನೆಮನೆಗೆ ಹೋಗಲ್ವಾ, ಆ ತರ. ಆದ್ರೆ ಇಲ್ಲಿ ಹೆದರಿಸಿ ಇಸ್ಕೋತಾರೆ" ಅಂದಿದ್ರು. ಇವತ್ತಿಗೂ ನನಗೆ ಇದಕ್ಕಿಂತ ಒಳ್ಳೆ ವಿವರಣೆ ಸಿಕ್ಕಿಲ್ಲ.

ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ ಒಬ್ಬರು ಓವನ್ ಮುಟ್ಟದೇ ಮಾಡೋ ಜೇಡದ ಕುಕ್ಕಿ ಹೇಳಿಕೊಟ್ರು. ಓರಿಯೋ ತಗೋಬೇಕು. ತಿರುಗಿಸಿ ಎರಡು ಭಾಗ ಮಾಡಬೇಕು. ಬಿಳಿ ಕ್ರೀಮ್ ಮೇಲೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಪ್ರೆಟ್ಜೆಲ್ ಕಡ್ಡಿ ಇಟ್ಟು ಮುಚ್ಚಬೇಕು, ಅದು ಕಾಲು. ಮೇಲೆ ಒಂದೊಂದು ಚುಕ್ಕೆ ಐಸಿಂಗ್ ಹಚ್ಚಿ ಸಕ್ಕರೆಯ ಎರಡು ಕಣ್ಣು ಅಂಟಿಸಬೇಕು. ಜೇಡ ರೆಡಿ. ನಾನು ಕುರ್ಚಿ ಮೇಲೆ ಮಂಡಿಯೂರಿ ಕೂತು ಮಾಡಿದ್ದು ಇವತ್ತಿಗೂ ನೆನಪಿದೆ. ಕಡ್ಡಿ ಮುರೀತಿತ್ತು, ಮುರಿದದ್ದು ಬಾಯಿಗೆ ಹೋಗ್ತಿತ್ತು. ಒಂದು ಜೇಡಕ್ಕೆ ಆರೇ ಕಾಲು. ಒಂದಕ್ಕೆ ಎರಡೂ ಕಣ್ಣು ಒಂದೇ ಕಡೆ. ಆ ಆರು ಕಾಲಿನದಕ್ಕೆ ನಾನು ಒಂದು ಕಥೆ ಕಟ್ಟಿದ್ದೆ: ಅದು ಜಗಳ ಆಡಿ ಎರಡು ಕಾಲು ಕಳ್ಕೊಂಡಿದೆ. ಅಮ್ಮ, "ಸ್ಪೈಡರ್‌ಗೆ ಎಂಟು ಕಾಲು ಅಲ್ವಾ ಪುಟ್ಟ?" ಅಂದ್ರು. ನಾನು ಕೇಳಿಸಿಕೊಳ್ಳಲಿಲ್ಲ. ನಿದ್ದೆ ಬಂತು, ಮಲಗಿಬಿಟ್ಟೆ.

ಬೆಳಗ್ಗೆ ಎದ್ದು ನೋಡಿದ್ರೆ ಟ್ರೇ ತುಂಬಾ ಒಂದೇ ತರದ ಜೇಡಗಳು. ಎಲ್ಲಕ್ಕೂ ಎಂಟು ಕಾಲು, ಎಲ್ಲದರ ಕಣ್ಣೂ ನೇರ. ನನ್ನ ಆರು ಕಾಲಿನದು ಎಲ್ಲೂ ಇಲ್ಲ. ಅಮ್ಮ ರಾತ್ರಿ ಕೂತು ಎಲ್ಲ ಮತ್ತೆ ಮಾಡಿದ್ರು.

ಕ್ಲಾಸಲ್ಲಿ ಎಲ್ಲರೂ ವಾವ್ ಅಂದ್ರು. ಟೀಚರ್ ನನ್ನ ಪಕ್ಕ ಕೂತು, ನೀನೇ ಮಾಡಿದ್ದಾ, ಈ ಕಣ್ಣು ಹೇಗೆ ಇಷ್ಟು ನೇರ ಕೂರಿಸಿದೆ ಅಂತ ಪ್ರೀತಿಯಿಂದ ಕೇಳಿದ್ರು. ನಾನೇ ಮಾಡಿದ್ದು ಅಂತ ತಲೆ ಆಡಿಸಿದೆ. ಹೇಗೆ ಅನ್ನೋದಕ್ಕೆ ಮಾತ್ರ ಉತ್ತರ ಇರಲಿಲ್ಲ. ನನ್ನ ಪಕ್ಕದ ಹುಡುಗ ತಂದಿದ್ದು ಮಮ್ಮಿ ಅಂತೆ. ನೋಡಿದ್ರೆ ಬಿಳಿ ಮುದ್ದೆ, ಅದಕ್ಕೆ ಒಂದೇ ಕಣ್ಣು. ಆದ್ರೆ ಅವನು ಆ ಒಂದು ಕಣ್ಣು ಯಾಕೆ, ಇನ್ನೊಂದು ಎಲ್ಲಿ ಹೋಯ್ತು, ಬ್ಯಾಂಡೇಜ್ ಒಳಗೆ ಏನಿದೆ ಅಂತ ನಿಲ್ಲಿಸದೇ ಹೇಳ್ತಾನೇ ಇದ್ದ. ಎಲ್ಲರೂ ಅವನ ಸುತ್ತ ನಿಂತಿದ್ರು. ನನ್ನ ಜೇಡಗಳನ್ನ ಎಲ್ಲರೂ ಹೊಗಳಿದ್ರು, ತಿಂದ್ರು, ಮುಗೀತು.

ನಮಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ರೆಕಾರ್ಡ್ ಪರ್ಫೆಕ್ಟ್, ವೈವಾದಲ್ಲಿ ಸೊನ್ನೆ. ಸೀನಿಯರ್ ರೆಕಾರ್ಡ್ ನೋಡಿ ಗ್ರಾಫ್ ಇಳಿಸಿದವರಿಗೆಲ್ಲ ಈ ಅನುಭವ ಇದೆ. ನನಗೆ ಅದು ಆರನೇ ವಯಸ್ಸಿಗೇ ಆಯ್ತು ಅಷ್ಟೇ.

ಇಲ್ಲಿ ಅಮ್ಮನ ಮೇಲೆ ದೂರು ಹೇಳ್ತಿದ್ದೀನಿ ಅಂದ್ಕೋಬೇಡಿ. ಮೊನ್ನೆ ಊರಿಗೆ ಹೋದಾಗ ಈ ಕುಕ್ಕಿ ವಿಷಯ ಕೇಳಿದೆ. ಅವರಿಗೆ ಚೆನ್ನಾಗಿ ನೆನಪಿದೆ. "ನಿನ್ನ ಡಬ್ಬಿ ನೋಡಿ ಒಂದ್ಸಲ ಮೂಗು ಮುಚ್ಕೊಂಡಿದ್ರು ಅಂತ ಅತ್ಕೊಂಡು ಬಂದಿದ್ದೆ. ಇದಕ್ಕೂ ನಗಬಾರದು ಅಂತ ಮಾಡ್ದೆ" ಅಂದ್ರು. ನನಗೆ ಡಬ್ಬಿ ಕಥೆ ಮರೆತೇ ಹೋಗಿತ್ತು. ಅಮ್ಮ ಮರೆತಿರಲಿಲ್ಲ. ಬೇರೆ ದೇಶದಲ್ಲಿ, ತಾನು ಯಾವತ್ತೂ ಆಚರಿಸದ ಹಬ್ಬಕ್ಕೆ, ತನ್ನ ಮಗುವಿನ ಕೈಯಲ್ಲಿ ಕಳಿಸೋ ತಿಂಡಿ ಅಮ್ಮನಿಗೆ ವೀಸಾ ಇಂಟರ್‌ವ್ಯೂ ತರ ಇತ್ತು. ಒಂದು ಕಾಲು ಕಮ್ಮಿ ಆದ್ರೂ ರಿಜೆಕ್ಟ್ ಆಗಿಬಿಡುತ್ತೇನೋ ಅನ್ನೋ ಭಯ. ಅಮ್ಮ ತಿದ್ದಿದ್ದು ಜಂಬಕ್ಕಲ್ಲ, ಭಯಕ್ಕೆ. ಆದ್ರೆ ಯಾವ ಕಾರಣಕ್ಕೆ ತಿದ್ದಿದ್ರೂ ಮಗುವಿನ ಕೈಗೆ ಉಳಿಯೋದು ಒಂದೇ: ನಾನು ಮಾಡಿದ್ದು ಸಾಲದು.

ಈಗ ಈ ಭಯಕ್ಕೆ ಫೋನ್ ಬೇರೆ ಸೇರಿದೆ. ಪಿಂಟರೆಸ್ಟ್ ಶುರುವಾಗಿದ್ದು 2010ರಲ್ಲಿ, ಆಮೇಲೆ ರೀಲ್ಸ್ ಬಂತು. ಅಕ್ಟೋಬರ್ ಬಂದ್ರೆ ಸಾಕು, ಕನ್ನಡಿ ತರ ಹೊಳೆಯೋ ಕುಂಬಳಕಾಯಿ ಕುಕ್ಕಿಗಳು, ಕೂದಲೆಳೆ ಗೆರೆಯ ಜೇಡರ ಬಲೆ, ಶೀರ್ಷಿಕೆ ಮಾತ್ರ 'ಮಕ್ಕಳ ಜೊತೆ ಮಾಡಿದ್ದು' ಅಂತ. ಆ ಹೊಳಪು ಬರೋದು ರಾಯಲ್ ಐಸಿಂಗ್‌ನಿಂದ. ಪುಡಿ ಸಕ್ಕರೆ, ಮೆರಿಂಗ್ ಪೌಡರ್, ನೀರು. ಮೊದಲು ಗಟ್ಟಿ ಐಸಿಂಗ್‌ನಲ್ಲಿ ಅಂಚು ಎಳೀಬೇಕು, ಆಮೇಲೆ ತೆಳು ಮಾಡಿ ಒಳಗೆ ತುಂಬಬೇಕು. ತೆಳು ಅಂದ್ರೆ ಎಷ್ಟು? ಚಾಕುವಿನಲ್ಲಿ ಗೆರೆ ಎಳೆದರೆ ಹತ್ತು ಹದಿನೈದು ಸೆಕೆಂಡಲ್ಲಿ ಅದು ತಾನೇ ಮುಚ್ಚಿಕೊಳ್ಳಬೇಕು. ಒಂದು ಚಮಚ ನೀರು ಜಾಸ್ತಿಯಾದ್ರೆ ಅಂಚು ದಾಟಿ ಹರಿಯುತ್ತೆ, ಕಮ್ಮಿಯಾದ್ರೆ ಗುಡ್ಡೆ ಗುಡ್ಡೆ ನಿಲ್ಲುತ್ತೆ. ಪೂರ್ತಿ ಒಣಗೋಕೆ ಆರೆಂಟು ಗಂಟೆ, ಎಷ್ಟೋ ಸಲ ಒಂದಿಡೀ ರಾತ್ರಿ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ವಿಸ್ಕಾಸಿಟಿ ಓದಿದ ನಮಗೇ ಇದು ಮೊದಲ ಸಲಕ್ಕೆ ಬರಲ್ಲ.

ಈಗ ಇದನ್ನ ನಾಲ್ಕು ವರ್ಷದ ಮಗುವಿಗೆ ಕೊಡಿ. ಪೈಪಿಂಗ್ ಬ್ಯಾಗನ್ನ ಒಂದೇ ಸಮ ಒತ್ತೋ ಶಕ್ತಿ ಆ ಬೆರಳುಗಳಿಗಿಲ್ಲ. ಎಂಟು ಗಂಟೆ ಕಾಯೋ ತಾಳ್ಮೆ ದೇವರಾಣೆಗೂ ಇಲ್ಲ. ಹಾಗಾಗಿ ಏನಾಗುತ್ತೆ? ಅಮ್ಮನೋ ಅಪ್ಪನೋ ಎಲ್ಲ ಮಾಡ್ತಾರೆ, ಕೊನೆಯಲ್ಲಿ ಮಗು ಬಂದು ಒಂದು ಚಿಟಿಕೆ ಬಣ್ಣದ ಸಕ್ಕರೆ ಉದುರಿಸುತ್ತೆ, ಫೋಟೋ ಆಗುತ್ತೆ. ಇದಕ್ಕೆ ನಮ್ಮ ಕ್ಯಾಂಪಸ್‌ನಲ್ಲಿ ಒಂದು ಹೆಸರಿದೆ: ಪ್ರಾಕ್ಸಿ. ಹಾಜರಿ ಮಗುವಿನದು, ಕೂತಿದ್ದವರು ಬೇರೆ.

ಅದಕ್ಕೇ ನಾನು ಸುಲಭದ ಪರ. ಸುಲಭ ಅಂದ್ರೆ ಸೋಮಾರಿತನ ಅಲ್ಲ. ಸುಲಭ ಅಂದ್ರೆ ಮಗುವಿನ ಪಾಲು ದೊಡ್ಡದು ಅಂತ. ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ ಅಂತ ಕಲೀತೀವಲ್ಲ, ಅಳತೆ ಎಷ್ಟು ತಪ್ಪಿದ್ರೂ ಭಾಗ ಕೆಲಸ ಮಾಡುತ್ತೆ ಅನ್ನೋ ಲೆಕ್ಕ. ಮಕ್ಕಳಿಗೆ ಕುಕ್ಕಿ ಆರಿಸೋವಾಗ ನೋಡಬೇಕಾದ್ದು ಅದೊಂದನ್ನೇ. ಎಷ್ಟು ತಪ್ಪಿದ್ರೂ ಅದು ಅದೇ ಆಗಿ ಉಳಿಯುತ್ತಾ?

ಈ ಲೆಕ್ಕದಲ್ಲಿ ಮಮ್ಮಿ ಕುಕ್ಕಿ ಫಸ್ಟ್ ಕ್ಲಾಸ್. ಮಿಲಾನೋ ತರದ ಉದ್ದನೆಯ ಬಿಸ್ಕತ್ತು ತಗೊಂಡು, ಕರಗಿಸಿದ ಬಿಳಿ ಚಾಕೊಲೇಟನ್ನ ಚಮಚದಲ್ಲಿ ಎತ್ತಿ ಅಡ್ಡಾದಿಡ್ಡಿ ಎಳೀಬೇಕು. ಗೆರೆ ಸೊಟ್ಟ ಆದಷ್ಟೂ ಹಳೇ ಬ್ಯಾಂಡೇಜ್ ತರ ಚೆನ್ನಾಗಿ ಕಾಣುತ್ತೆ. ಅಂದ್ರೆ ತಪ್ಪೇ ಅಲ್ಲಿ ವಿನ್ಯಾಸ. ಎರಡನೆಯದು ಮಾಟಗಾತಿ ಟೋಪಿ: ಚಾಕೊಲೇಟ್ ಪಟ್ಟೆಯ ದುಂಡು ಬಿಸ್ಕತ್ತನ್ನ ಕವುಚಿ ಹಾಕಿ, ನಡುವೆ ಕಿತ್ತಳೆ ಬಣ್ಣದ ಐಸಿಂಗ್ ಒಂದು ಚುಕ್ಕೆ ಇಟ್ಟು, ಮೇಲೆ ಹರ್ಶೀಸ್ ಕಿಸ್ ಒತ್ತಿದ್ರೆ ಮುಗೀತು. ಐಸಿಂಗ್ ಆಚೆ ಉಕ್ಕಿ ಬಂದ್ರೆ ಅದೇ ಟೋಪಿಯ ಪಟ್ಟಿ. ಮೂರನೆಯದು ರಾಕ್ಷಸ: ಯಾವುದಾದರೂ ದುಂಡು ಕುಕ್ಕಿಗೆ ಹಸಿರೋ ನೇರಳೆಯೋ ಕ್ರೀಮ್ ಬಳಿದು ಇಷ್ಟ ಬಂದಷ್ಟು ಕಣ್ಣು. ರಾಕ್ಷಸನಿಗೆ ಇಷ್ಟೇ ಕಣ್ಣು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಹಾಗೆ ನೋಡಿದ್ರೆ ನನ್ನ ಜೇಡವೇ ಈ ಮೂರಕ್ಕಿಂತ ಕಷ್ಟದ್ದು, ಯಾಕಂದ್ರೆ ಅದಕ್ಕೆ ಎಂಟು ಅನ್ನೋ ಸ್ಪೆಸಿಫಿಕೇಶನ್ ಇದೆ.

ಹಾಗಾದ್ರೆ ದೊಡ್ಡವರಿಗೆ ಏನೂ ಕೆಲಸ ಇಲ್ವಾ? ಇದೆ, ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ. ಬಿಸಿ, ಚೂಪು, ಅಲರ್ಜಿ ಈ ಮೂರು ದೊಡ್ಡವರದ್ದು. ಬಿಳಿ ಚಾಕೊಲೇಟನ್ನ ಮೈಕ್ರೋವೇವ್‌ನಲ್ಲಿ ಒಂದೇ ಸಲಕ್ಕೆ ಕರಗಿಸೋಕೆ ಹೋದ್ರೆ ಸುಟ್ಟುಹೋಗುತ್ತೆ, ಮೂವತ್ತು ಸೆಕೆಂಡಿಗೊಮ್ಮೆ ತೆಗೆದು ಕಲಕಬೇಕು. ಬಟ್ಟಲಲ್ಲಿ ನಾಲ್ಕು ಹನಿ ನೀರಿದ್ರೂ ಗಂಟುಗಂಟಾಗಿ ಕೂತುಬಿಡುತ್ತೆ. ಹಿಟ್ಟು ಕಲಸಿ ಸುಡೋದಾದ್ರೆ ಮಗು ಹಸಿ ಹಿಟ್ಟು ನೆಕ್ಕದ ಹಾಗೆ ನೋಡ್ಕೋಬೇಕು. ಎಲ್ಲರೂ ಹಸಿ ಮೊಟ್ಟೆಗೆ ಹೆದರ್ತಾರೆ, ಆದ್ರೆ ಹಸಿ ಮೈದಾದಲ್ಲೂ ರೋಗಾಣು ಇರಬಹುದು. 2016ರಲ್ಲಿ ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಹಿಟ್ಟಿನ ಮೂಲಕವೇ ಈ. ಕೊಲೈ ಸೋಂಕು ಹರಡಿತ್ತು. ಗಟ್ಟಿ ದುಂಡು ಮಿಠಾಯಿ ತೀರಾ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತೆ, ಅದನ್ನ ಟ್ರೇಯಿಂದಲೇ ತೆಗೆದಿಡಬೇಕು. ಕ್ಲಾಸಿಗೆ ಕಳಿಸೋದಾದ್ರೆ ಯಾರಿಗೆ ಯಾವ ಅಲರ್ಜಿ ಅಂತ ಮೊದಲೇ ಕೇಳಬೇಕು. ಇದು ಅಲ್ಲಿ ಎಷ್ಟು ಗಂಭೀರ ಅಂದ್ರೆ, ತಿನ್ನೋದರ ಬದಲು ಆಟಿಕೆ ಕೊಡೋ ಮನೆಯವರು ಬಾಗಿಲಲ್ಲಿ ಹಸಿರು ನೀಲಿ ಬಣ್ಣದ ಕುಂಬಳಕಾಯಿ ಇಡೋ ಪದ್ಧತಿ 2014ರಿಂದ ದೇಶದಾದ್ಯಂತ ನಡೀತಿದೆ.

ಈ ಕೆಲಸಗಳಲ್ಲಿ ದೊಡ್ಡವರು ಎಷ್ಟು ಕಟ್ಟುನಿಟ್ಟಾಗಿ ಇದ್ದರೂ ಸರಿ. ಆದ್ರೆ ಕಣ್ಣು ಎಲ್ಲಿರಬೇಕು, ಬಣ್ಣ ಯಾವುದು, ಕಾಲು ಎಷ್ಟು, ಇದು ಸೇಫ್ಟಿ ವಿಷಯ ಅಲ್ಲ. ಅಲ್ಲಿ ಇನ್‌ಸ್ಟ್ರಕ್ಟರ್ ಬಾಯಿ ಮುಚ್ಚಿಕೊಂಡು ನಿಂತಿರಬೇಕು.

ಇದಕ್ಕೆ ಎರಡು ಮೂರು ಆಕ್ಷೇಪ ಬರುತ್ತೆ. ಮೊದಲನೆಯದು, ಅಂಗಡಿ ಬಿಸ್ಕತ್ತಿಗೆ ಕಣ್ಣು ಅಂಟಿಸೋದು ಅಡುಗೆ ಹೇಗಾಗುತ್ತೆ ಅಂತ. ಅಡುಗೆ ಅಲ್ಲ ಅಂತ ಒಪ್ತೀನಿ. ಆದ್ರೆ ಮಗು ಅಲ್ಲಿ ಕಲೀತಿರೋದು ಅಡುಗೆ ಅಲ್ಲ. ಇದನ್ನ ಹೀಗೆ ಮಾಡ್ತೀನಿ ಅಂತ ತಾನೇ ನಿರ್ಧಾರ ಮಾಡಿ, ಅದು ಕಣ್ಣೆದುರಿಗೇ ಆಗೋದನ್ನ ನೋಡೋದು. ಓವನ್ ಮುಂದೆ ಹನ್ನೆರಡು ನಿಮಿಷ ಸುಮ್ಮನೆ ಕೂರೋದಕ್ಕಿಂತ ಇದು ಆ ವಯಸ್ಸಿಗೆ ಜಾಸ್ತಿ ಸಿಗುತ್ತೆ.

ಎರಡನೆಯದು ನನ್ನ ಅಮ್ಮನದೇ ಆಕ್ಷೇಪ: ನಾಲ್ಕು ಜನ ನೋಡ್ತಾರಲ್ಲ? ಇಲ್ಲಿ ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ಮನೆಯಲ್ಲಿ ಮಾಡಿದ ತಿಂಡಿಯನ್ನ ಹ್ಯಾಲೋವೀನ್ ರಾತ್ರಿ ಬಾಗಿಲಿಗೆ ಬರೋ ಅಪರಿಚಿತ ಮಕ್ಕಳಿಗೆ ಈಗ ಯಾರೂ ಕೊಡಲ್ಲ, ಕೊಟ್ರೂ ಅಪ್ಪ ಅಮ್ಮ ಎಸೀತಾರೆ. ವಿಷ ಹಾಕಿರ್ತಾರೆ, ಬ್ಲೇಡ್ ಇಟ್ಟಿರ್ತಾರೆ ಅನ್ನೋ ಭಯ. ಜೋಯಲ್ ಬೆಸ್ಟ್ ಅನ್ನೋ ಸಮಾಜಶಾಸ್ತ್ರಜ್ಞ 1958ರಿಂದ ಈಚೆಗಿನ ಸುದ್ದಿಗಳನ್ನೆಲ್ಲ ಜಾಲಾಡಿ ನೋಡಿದ್ರು. ಮನೆಮನೆಗೆ ಹೋದ ಮಗು ಅಪರಿಚಿತರು ಕೊಟ್ಟ ತಿಂಡಿ ತಿಂದು ಸತ್ತ ಒಂದೇ ಒಂದು ಖಚಿತ ಪ್ರಕರಣ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಸ್‌ನಲ್ಲಿ ಒಂದು ಮಗು ಸೈನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತಿದ್ದು ನಿಜ, ಆದ್ರೆ ವಿಷ ಕೊಟ್ಟವನು ಅಪರಿಚಿತನಲ್ಲ, ಇನ್ಶೂರೆನ್ಸ್ ದುಡ್ಡಿಗಾಗಿ ಸ್ವಂತ ಅಪ್ಪ. ಭಯ ಮಾತ್ರ ಉಳಿದುಕೊಂಡು ಬಾಗಿಲಲ್ಲಿ ಕೊಡೋದೆಲ್ಲ ಪ್ಯಾಕೆಟ್ ಚಾಕೊಲೇಟ್ ಆಯ್ತು. ಎಷ್ಟೋ ಶಾಲೆಗಳೂ ಈಗ ಸೀಲ್ ಆದ ಪ್ಯಾಕೆಟ್ ಮಾತ್ರ ತನ್ನಿ ಅಂತವೆ.

ಅದು ಸರಿಯೋ ತಪ್ಪೋ ಬೇರೆ ಮಾತು. ಆದ್ರೆ ಅದರಿಂದ ಒಂದು ಲಾಭ ಇದೆ. ಮಗು ಮಾಡಿದ ಕುಕ್ಕಿಯನ್ನ ಇನ್ನು ನೋಡೋದು, ತಿನ್ನೋದು ಯಾರು? ಮನೆಯವರು, ಪಕ್ಕದ ಮನೆಯವರು, ನಾಲ್ಕು ಫ್ರೆಂಡ್ಸು. ಎಲ್ಲರೂ ಆ ಮಗುವನ್ನ ಬಲ್ಲವರು. ಆ ನಾಲ್ಕು ಜನ ಅನ್ನೋರು ಅಲ್ಲಿ ಇಲ್ಲವೇ ಇಲ್ಲ, ಫೋನ್ ತೆಗೆದು ನಾವೇ ಕರೆಯದ ಹೊರತು.

ಮೂರನೆಯ ಆಕ್ಷೇಪ ನಮ್ಮ ಸಂಘದಲ್ಲೇ ಬರುತ್ತೆ ಅಂತ ಗೊತ್ತು: ಇದೆಲ್ಲ ನಮ್ಮದಲ್ಲ, ಯಾಕೆ ಬೇಕು? ಇಲ್ಲಿರೋರಿಗೆ ಬೇಕು ಅಂತ ನಾನು ಹೇಳ್ತಿಲ್ಲ. ಆದ್ರೆ ಅಲ್ಲೇ ಹುಟ್ಟಿ ಬೆಳೀತಿರೋ ಕನ್ನಡದ ಮಕ್ಕಳಿಗೆ ಅಕ್ಟೋಬರ್ 31 ಬೇಡ ಅಂದ್ರೂ ಬರುತ್ತೆ, ಕ್ಲಾಸಿನ ಎಲ್ಲರಿಗೂ ಬಂದ ಹಾಗೆ. ಅದೇ ಆಸುಪಾಸಿನಲ್ಲಿ ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ ಎಲ್ಲಾ ಬರುತ್ತೆ. ಆ ಮಕ್ಕಳು ಇದನ್ನ ಒಂದರ ಬದಲು ಇನ್ನೊಂದು ಅಂತ ನೋಡಲ್ಲ.

ನನ್ನ ಚಿಕ್ಕಮ್ಮ ಟೆಕ್ಸಸ್‌ನಲ್ಲಿದ್ದಾರೆ, ಅವರ ಮಗಳಿಗೆ ಐದು ವರ್ಷ. ಮೊನ್ನೆ ಅಕ್ಟೋಬರ್‌ನಲ್ಲಿ ಒಂದು ಶನಿವಾರ ರಾತ್ರಿ, ಅವರಿಗೆ ಬೆಳಗ್ಗೆ, ವಿಡಿಯೋ ಕಾಲ್ ಮಾಡಿದ್ರು. ನನ್ನ ತಂಗಿ ರಾಕ್ಷಸ ಕುಕ್ಕಿ ಮಾಡ್ತಿದ್ಲು, ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ರು. ಸಾಮಾನ್ಯವಾಗಿ ನನ್ನ ಜೊತೆ ಅವಳದ್ದು ಹಾಯ್, ಬಾಯ್, ಐ ಯಾಮ್ ಫೈನ್ ಅಷ್ಟೇ. ಚಿಕ್ಕಮ್ಮ ಹಿಂದಿನಿಂದ ಕನ್ನಡದಲ್ಲಿ ಹೇಳು ಅಂತ ಗದರಿದ್ರೆ ಬಾಯಿ ಪೂರ್ತಿ ಬಂದ್. ಅವತ್ತು ಅವಳು ಒಂದೇ ಕುಕ್ಕಿ ಮೇಲೆ ಕಣ್ಣು ಅಂಟಿಸ್ತಾನೇ ಇದ್ಲು. ನಾನು ಎಣಿಸಿದೆ, ಹನ್ನೊಂದು. ಈ ಲೇಖನದ ಯೋಚನೆ ಆಗಲೇ ತಲೇಲಿ ಇತ್ತು ಅನ್ನೋದು ನೆನಪಿರಲಿ. ಆದ್ರೂ ನನ್ನ ಬಾಯಿಂದ ಬಂದಿದ್ದೇನು ಗೊತ್ತಾ? "ಏಯ್, ಎರಡು ಕಣ್ಣು ಸಾಕಲ್ವಾ?"

ಅಮ್ಮನ ಮಾತು, ಅಮ್ಮನದೇ ಧಾಟಿ. ಹೇಳಿದ ಮೇಲೆ ನನಗೇ ಶಾಕ್.

ತಂಗಿ ಮಾತ್ರ ತಲೆ ಎತ್ತಲೇ ಇಲ್ಲ. "ಇದು ಕತ್ತಲೇಲಿ ಇರತ್ತೆ. ಕತ್ತಲೇಲಿ ನೋಡಕ್ಕೆ ಜಾಸ್ತಿ ಐಸ್ ಬೇಕು" ಅಂದ್ಲು. ಆಮೇಲೆ ಆ ರಾಕ್ಷಸನ ಮನೆ ಎಲ್ಲಿ, ಅದಕ್ಕೆ ಯಾರನ್ನ ಕಂಡ್ರೆ ಭಯ, ಅದರ ತಂಗಿ ಯಾಕೆ ಬರಲಿಲ್ಲ, ಎಲ್ಲ ಹೇಳಿದ್ಲು. ಕನ್ನಡದಲ್ಲಿ. ಅವನು ಅದು ಎಲ್ಲ ಕಲಸಿಹೋಗಿತ್ತು, 'ರಾಕ್ಷಸ ಬಂದಳು' ಅಂದ್ಲು, ಮಧ್ಯೆ ಮಧ್ಯೆ ಇಂಗ್ಲಿಷ್ ತುರುಕಿದ್ಲು. ಚಿಕ್ಕಮ್ಮ ಬಾಯಿ ತೆರೆದ್ರು, 'ಬಂದಳು' ಅಲ್ಲ ಅಂತ ಹೇಳೋಕೆ ಇರಬೇಕು. ನಾನು ಸ್ಕ್ರೀನಲ್ಲೇ ಬೇಡ ಅಂತ ಕೈ ಆಡಿಸಿದೆ. ಅವರು ಸುಮ್ಮನಾದ್ರು. ಇಪ್ಪತ್ತು ನಿಮಿಷ ಮಾತಾಡಿದ್ಲು ಆ ಹುಡುಗಿ. ಅವಳ ಹತ್ರ ಹೇಳೋಕೆ ತನ್ನದೇ ಆದದ್ದು ಏನೋ ಇತ್ತು, ಅದಕ್ಕೆ.

ಫಸ್ಟ್ ಗ್ರೇಡ್‌ನಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗನಿಗೂ ಇದ್ದಿದ್ದು ಅದೇ, ನನಗೆ ಇಲ್ಲದೇ ಇದ್ದಿದ್ದೂ ಅದೇ. ಆರು ಕಾಲಿನ ಜೇಡ ಆ ಟ್ರೇನಲ್ಲಿ ಇದ್ದಿದ್ರೆ ನಾನೂ ಅದರ ಜಗಳದ ಕಥೆ ಹೇಳ್ತಿದ್ದೆ. ಇಂಗ್ಲಿಷ್‌ನಲ್ಲೋ ಕನ್ನಡದಲ್ಲೋ, ಏನೋ ಒಂದು ಹೇಳ್ತಿದ್ದೆ.

ಹಾಗಾಗಿ ಅಕ್ಕ ಅಣ್ಣಂದಿರ ಮಕ್ಕಳ ಜೊತೆಗೋ, ಮುಂದೆ ಯಾವಾಗಲೋ ಆನ್‌ಸೈಟ್ ಹೋದಾಗ ನಿಮ್ಮದೇ ಮಕ್ಕಳ ಜೊತೆಗೋ ಹೀಗೆ ಕೂರೋ ದಿನ ಬಂದ್ರೆ ನನ್ನ ಮೂರು ಮಾತು ನೆನಪಿಟ್ಕೊಳ್ಳಿ. ಒಂದು, ಎಷ್ಟು ತಪ್ಪಿದ್ರೂ ತಪ್ಪಾಗದ ಕುಕ್ಕಿ ಆರಿಸಿ. ಎರಡು, ಬಿಸಿ, ಚೂಪು, ಅಲರ್ಜಿ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಮೂರು, ಮಗು ಮಲಗಿದ ಮೇಲೆ ಟ್ರೇ ಹತ್ರ ಹೋಗಲೇಬೇಡಿ. ಕೈ ತಡೆಯಲ್ಲ ಅಂದ್ರೆ ನಿಮಗೇ ಅಂತ ಬೇರೆ ನಾಲ್ಕು ಕುಕ್ಕಿ ಇಟ್ಕೊಂಡು ಎಷ್ಟು ಪರ್ಫೆಕ್ಟ್ ಬೇಕೋ ಅಷ್ಟು ಮಾಡಿ, ಫೋಟೋ ಹಾಕಿ, ನಾನೇ ಮೊದಲು ಲೈಕ್ ಒತ್ತುತ್ತೀನಿ.

ಕೊನೆಗೆ ನಮ್ಮ ಸಂಪಾದಕರಿಗೆ ಒಂದು ಮಾತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ಹೋದ ವರ್ಷ ಬರೆಯದೇ ಇದ್ದಿದ್ದಕ್ಕೆ ಕಾರಣ, ಬರೆದ್ರೆ ತಪ್ಪು ಹಿಡೀತಾರೆ ಅನ್ನೋ ಭಯ. ಒತ್ತಕ್ಷರ, ಮಹಾಪ್ರಾಣ ಎಲ್ಲ ತಿದ್ದಿ, ಅದು ಓದೋರ ಸೇಫ್ಟಿ ವಿಷಯ. ವಾಕ್ಯಗಳು ಸ್ವಲ್ಪ ಸೊಟ್ಟಗೆ ನಿಂತಿದ್ರೆ ಮಾತ್ರ ಹಾಗೇ ಬಿಡಿ. ಯಾಕೆ ಹೀಗೆ ಬರೆದೆ ಅಂತ ಕೇಳಿದ್ರೆ ಈ ಸಲ ನನ್ನ ಹತ್ರ ಉತ್ತರ ಇದೆ.